ಆಕಾಶಕ್ಕೆ ಹೋಗುವ ಭತ್ತದ ಚೀಲ

ನನ್ನ ಮೈದುನನಿಗೆ ಕೆಲಸವಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಳ್ಳಾರಿಯಲ್ಲಿ ಅವನಷ್ಟು ದುಡಿಯುವವರು ಇನ್ನೊಬ್ಬರಿಲ್ಲ! ಮೂರು ವರ್ಷದಿಂದ ಒಂದೇ ಒಂದು ಟ್ರ್ಯಾಕ್ಟರನ್ನು ಹಚ್ಚೊಳ್ಳಿಯಿಂದ ಸಿರುಗುಪ್ಪದ ಅಕ್ಕಿ ಗಿರಣಿಗೆ ಮುಟ್ಟಿಸಲು ಹೆಣಗುತ್ತಿದ್ದಾನೆ. ಅದು ಇನ್ನೂ ಮುಟ್ಟಿಲ್ಲ. ಯಾಕೆಂದರೆ ಆ ಟ್ರ್ಯಾಕ್ಟರ್ ಇರುವುದು ಅವನ ಕಂಪ್ಯೂಟರಿನೊಳಗೆ.

ಹೌದು, ನನ್ನ ಗಂಡನ ತಮ್ಮ ವಿಡಿಯೋ ಗೇಮ್ ಮಾಡುತ್ತಾನೆ. ಆಡುವುದಲ್ಲ, ಮಾಡುವುದು! ಕಂಪನಿ ಇಲ್ಲ, ಮೇಲೊಬ್ಬ ಸಾಹೇಬ ಇಲ್ಲ; ಚಿತ್ರ ಬರೆಯುವವನೂ ಅವನೇ, ಸದ್ದು ಕೂಡಿಸುವವನೂ ಅವನೇ. ಹೊಟ್ಟೆಪಾಡಿಗೆ ಮೊಬೈಲಿನಲ್ಲಿ ಕಳಿಸುವ ಲಗ್ನಪತ್ರಿಕೆಯ ವಿಡಿಯೋ ಮಾಡಿಕೊಡುತ್ತಾನೆ. ಅಲ್ಲಾದರೂ ನೆಟ್ಟಗಿರುತ್ತಾನೆಯೇ? ಕುದುರೆ ಬೇಕೆಂದ ಮದುಮಗನನ್ನು ವಿಡಿಯೋದಲ್ಲಿ ಟ್ರ್ಯಾಕ್ಟರ್ ಮೇಲೆ ಕೂರಿಸಿ ಕಳಿಸಿದ. ಕೇಳಿದರೆ, "ಕುದುರಿ ಬರ್ಯಾಕ ವಾರ ಬೇಕಾಕ್ಕೈತ್ರಿ ಅತ್ತಿಗಿ. ಟ್ರ್ಯಾಕ್ಟರ್ ರೆಡಿ ಐತಿ" ಎಂದ.

ಆಟವೇನೋ ಇಷ್ಟೇ: ಭತ್ತದ ಚೀಲ ಹೇರಿಕೊಂಡು ಕಾಲುವೆ ದಂಡೆಯ ಮೇಲೆ ಟ್ರ್ಯಾಕ್ಟರ್ ಓಡಿಸಬೇಕು, ಚೀಲ ಬೀಳಬಾರದು. ಈ ಭಾಗ್ಯಕ್ಕೆ ಮನೆಗೆ ಬಂದವರೆಲ್ಲ ಪರೀಕ್ಷೆಗೆ ಕೂರಬೇಕು. ಮೊಬೈಲ್ ಕೈಗಿಟ್ಟು, ನೋಟ್‌ಬುಕ್ ಹಿಡಿದು ಬೆನ್ನ ಹಿಂದೆ ನಿಲ್ಲುತ್ತಾನೆ. "ಹೆಂಗ ಆಡಬೇಕಲೇ ಇದನ್ನ?" ಎಂದರೆ ಬಾಯಿ ಬಿಡುವುದಿಲ್ಲ, ಹೇಳಿಕೊಟ್ಟರೆ ಆಟದ ತಪ್ಪು ಗೊತ್ತಾಗುವುದಿಲ್ಲವಂತೆ! ಒಮ್ಮೆ ಗ್ಯಾಸ್ ಸಿಲಿಂಡರಿನವನು ನಮ್ಮ ಕಟ್ಟೆಯ ಮೇಲೆ ಕೂತು ಏಳು ಸಲ ಕಾಲುವೆಗೆ ಬಿದ್ದ. ಸಿಲಿಂಡರಿಗಾಗಿ ಕಾದು ಕಾದು ಓಣಿಯ ಹೆಂಗಸರು ಬಂದು ಬೈದದ್ದು ಯಾರನ್ನು? ನನ್ನನ್ನು!

ತಪ್ಪು ಬರೆದುಕೊಳ್ಳುವುದು ಸರಿ, ತಿದ್ದುವುದು ಬೇಡವೇ? ಕಾಲುವೆಯ ಎರಡನೇ ತಿರುವಿನಲ್ಲಿ ಟ್ರಾಲಿ ವಾಲಿದರೆ ಚೀಲಗಳು ಕೆಳಗೆ ಬೀಳುವುದಿಲ್ಲ. ಒಂದರ ಹಿಂದೊಂದು, ಬಹಳ ಗಂಭೀರವಾಗಿ, ಆಕಾಶಕ್ಕೆ ಹೋಗಿಬಿಡುತ್ತವೆ! ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ನನ್ನ ಮನೆಯಲ್ಲೇ ಗುರುತ್ವಾಕರ್ಷಣೆಗೆ ಈ ಗತಿಯಾದರೆ ಹೇಗೆ ಸಹಿಸಲಿ? ಹೇಳಿದೆ, ಬೈದೆ, ಊಟ ಬಡಿಸುವುದಿಲ್ಲವೆಂದು ಹೆದರಿಸಿದೆ. "ನೋಡೋಣ ಬಿಡ್ರಿ ಅತ್ತಿಗಿ" ಎನ್ನುತ್ತಾನೆ, ಅಷ್ಟೇ.

ಇಂಥವನಿಗೆ ಹೆಣ್ಣು ನೋಡಲು ಕುರುಗೋಡಿಗೆ ಹೋದೆವು. "ಹುಡುಗ ಏನ್ ಮಾಡ್ತಾನ್ರಿ?" ಎಂದು ಹುಡುಗಿಯ ಅಪ್ಪ ಕೇಳಿದಾಗ, "ಕಂಪ್ಯೂಟರ್ ಕೆಲಸ್ರಿ" ಎಂದು ನಾನು ಎಷ್ಟು ನಾಜೂಕಾಗಿ ಹೇಳಿದ್ದೆ! ಇವನು ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟು, ಮೊಬೈಲ್ ತೆಗೆದು ಹುಡುಗಿಯ ಅಜ್ಜನ ಕೈಗಿಟ್ಟ. ಆ ಅಜ್ಜ ಟ್ರ್ಯಾಕ್ಟರ್ ಹೊಡೆದೇ ಮುದುಕರಾದವರು. ಎರಡನೇ ತಿರುವಿನಲ್ಲಿ ಕನ್ನಡಕ ತೆಗೆದು ಒರೆಸಿಕೊಂಡರು.

"ತಮ್ಮಾ, ಚೀಲ ಮ್ಯಾಲಕ್ಕ ಯಾಕ ಹೊಂಟಾವು?"

"ಅಲ್ಲಿ ಹಂಗ ಅಜ್ಜಾರ."

"ಒಳಗ ಭತ್ತ ಐತೋ ಇಲ್ಲೋ?"

ಇವನು ಹುಡುಗಿಯ ಮುಖ ನೋಡಿದ್ದು ಒಂದೇ ಸಲ, ಚಾರ್ಜರ್ ಕೇಳಲು! ಎರಡು ದಿನಕ್ಕೆ ಅವಳ ಅಪ್ಪನ ಫೋನ್ ಬಂತು. "ಹುಡುಗ ಸಂಬಳದ ಕೆಲಸ ಹಿಡೀಲಿ, ಆಮ್ಯಾಲೆ ಮಾತಾಡೋಣ್ರಿ" ಎಂದರು.

ಮಾವನವರ ತಾಳ್ಮೆ ಮುಗಿಯಿತು. ಸಿರುಗುಪ್ಪದಲ್ಲಿ ಗುರುತಿನ ಗಿರಣಿ ಸಾಹುಕಾರರೊಬ್ಬರಿಗೆ ಹೇಳಿ, ತೂಕದ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಗೊತ್ತು ಮಾಡಿದರು. "ಸೋಮವಾರ ಹೋಗಾಕ ಬೇಕು. ಆಟಾ ಗೀಟಾ ಎಲ್ಲಾ ಇಲ್ಲಿಗೆ ಬಂದ್!" ಎಂದರು. ಎಲ್ಲರಿಗಿಂತ ಮೊದಲು "ಹೌದ್ರಿ ಮಾವ" ಎಂದವಳು ನಾನೇ. ಸುಳ್ಳೇಕೆ ಹೇಳಲಿ, ಗುಡಿಯಲ್ಲಿ ಒಂದು ಕಾಯಿಯನ್ನೂ ಒಡೆಸಿದೆ.

ಸೋಮವಾರ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ಮುಂದಿಟ್ಟ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮುಟ್ಟದೆ ಕೂತಿದ್ದ. ಏಳುವಾಗ ಆ ನೋಟ್‌ಬುಕ್ ನನ್ನ ಕೈಗೆ ಕೊಟ್ಟ.

"ಹಿಂದಿನ ಹಾಳಿ ಖಾಲಿ ಅದಾವ್ರಿ ಅತ್ತಿಗಿ. ನಿಮ್ಮ ಸಾಲಿ ಕೆಲಸಕ್ಕ ಬರ್ತಾವ."

ಅವನು ಬೂಟು ಹಾಕಿಕೊಳ್ಳಲು ಬಾಗಿಲ ಹತ್ತಿರ ಹೋದ. ನಾನು ಸುಮ್ಮನೆ ಹಾಳೆ ತಿರುವಿದೆ. ಗ್ಯಾಸಿನವನು ಎಲ್ಲೆಲ್ಲಿ ಬಿದ್ದ, ಮಾವನವರು ಎಲ್ಲಿ ಬೈದು ಮೊಬೈಲ್ ಇಟ್ಟರು, ಎಲ್ಲ ಇತ್ತು. ಎರಡನೇ ತಿರುವಿನ ಪುಟದಲ್ಲಿ ಹೀಗೆ ಬರೆದಿದ್ದ: "ಅತ್ತಿಗಿ ಹೊಟ್ಟಿ ಮ್ಯಾಲಿನ ಹೊಲಿಗೆ ಹಿಡಕೊಂಡು ನಕ್ಕರು. ಈ ತಪ್ಪು ತಿದ್ದಬಾರದು."

ಹೋದ ವರ್ಷ ನನಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಯಾರ ಹತ್ತಿರವೂ ಮಾತು ಬೇಡವಾಗಿ, ಗೋಡೆಯ ಕಡೆ ಮುಖ ಮಾಡಿ ಒಂದು ತಿಂಗಳು ಮಲಗಿದ್ದೆ. ಆಗ ಇವನು ಬಂದು ಮೊಬೈಲ್ ಕೈಗಿಟ್ಟಿದ್ದ. ಅವತ್ತು ಚೀಲ ಆಕಾಶಕ್ಕೆ ಹೋಗುವುದನ್ನು ನೋಡಿ ನಕ್ಕದ್ದು ನನಗೇ ಮರೆತುಹೋಗಿತ್ತು. ಅದಾದ ಮೇಲೆ ಆ ಚೀಲಗಳಿಗಾಗಿ ಅವನನ್ನು ಎಷ್ಟು ಬೈದಿದ್ದೆ! ಒಂದು ದಿನವಾದರೂ ಕಾರಣ ಹೇಳಿದ್ದನೇ? ನನಗೆ ಅಳು ಬಂತು.

ಗಿರಣಿ ಸಾಹುಕಾರರಿಗೆ ಫೋನ್ ಹಚ್ಚಿದೆ.

"ನಮ್ಮ ಹುಡುಗಗ ಜ್ವರ ಬಂದೈತ್ರಿ. ಇವತ್ತ ಬರಾಕಾಗಂಗಿಲ್ಲ."

ಬೂಟಿನ ದಾರ ಕಟ್ಟುತ್ತಿದ್ದವನು ತಲೆಯೆತ್ತಿ ನನ್ನನ್ನೇ ನೋಡಿದ.

"ಹಂಗಾರ ನಾಳಿ ಕಳಸ್ರಿ ಅಕ್ಕಾರ" ಎಂದರು ಸಾಹುಕಾರರು.

"ನಾಳಿನೂ ಜ್ವರ ಇರ್ತೈತ್ರಿ" ಎಂದೆ.