ಕೆಂಪು ದಾರದ ಬಾಟಲಿ

ಪುರಂದರನಿಗೆ ‘ಬೇಡ’ ಎನ್ನಲು ಬರುತ್ತಿರಲಿಲ್ಲ. ಸೇಲಂ ಪೇಟೆಯ ಸಹಕಾರಿ ಸಂಘದಲ್ಲಿ ಗುಮಾಸ್ತನಾಗಿ ತಲೆ ನರೆತಿದ್ದರೂ ಆ ಎರಡಕ್ಷರ ಮಾತ್ರ ಅವನ ನಾಲಿಗೆಗೆ ಹತ್ತಿರಲಿಲ್ಲ. ಒಂದೇ ಒಂದು ಸಲ ಹೇಳಿದ್ದ. ಅವನ ಎರಡು ಕಿಡ್ನಿಯೂ ಕೈಕೊಟ್ಟಾಗ ಅಕ್ಕ ಗಂಗೂಬಾಯಿ ಕಂಬೈನಲ್ಲೂರಿನಿಂದ ಬಂದು, “ನಂದೊಂದು ತಕ್ಕೊಳ್ಲಾ” ಎಂದಿದ್ದಳು. “ಬೇಡ ಅಕ್ಕ” ಎಂದ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ.

ಆಪರೇಷನ್ ಮುಗಿದ ಮೇಲೆ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು: ತಮ್ಮನ್ನು ಕೇಳದೆ ಬೇರು, ಸೊಪ್ಪು, ಪುಡಿ, ಎಣ್ಣೆ ಯಾವುದನ್ನೂ ಮುಟ್ಟಬಾರದು. ಪುರಂದರ ಮುಟ್ಟಲಿಲ್ಲ. ಹೊಟ್ಟೆಯೊಳಗೆ ಇದ್ದದ್ದು ಅಕ್ಕನ ಸ್ವತ್ತು, ಅದನ್ನು ಕೆಡಿಸಿಕೊಂಡರೆ ಅವಳಿಗೆ ಯಾವ ಮುಖ ತೋರಿಸುವುದು?

ಆದರೆ ಬೀದಿಯ ಜನಕ್ಕೆ ಡಾಕ್ಟರ ಮಾತು ಲೆಕ್ಕಕ್ಕಿಲ್ಲ. ಒಬ್ಬರು ಅಂಗಾಲು ಒತ್ತಿಕೊಳ್ಳುವ ಮುಳ್ಳುರುಳೆ ತಂದರು. ಇನ್ನೊಬ್ಬರು ದಿಂಬಿನಡಿ ಇಟ್ಟುಕೊಳ್ಳಲು ಒಂದು ಕಲ್ಲು ತಂದರು. ಮಹಡಿ ಮನೆಯ ಪಳನಿಯಪ್ಪನ್, ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದ ಮೇಲೆ ಮೂಲಿಕೆಯ ಹುಚ್ಚು ಹತ್ತಿಸಿಕೊಂಡವರು, ತಾವೇ ಕಾಯಿಸಿದ ಕಷಾಯವನ್ನು ಹಸಿರು ಬಾಟಲಿಗೆ ತುಂಬಿ, ಕುತ್ತಿಗೆಗೆ ಕೆಂಪು ದಾರ ಕಟ್ಟಿ ಕೊಟ್ಟರು.

ಪುರಂದರ ಎರಡೂ ಕೈಯಿಂದ ಇಸಿದುಕೊಂಡ. ಮಾರನೆಯ ದಿನವೇ ಅದನ್ನು ಆಫೀಸಿನ ವಿಶ್ವನಾಥನ್‌ಗೆ ಮಂಡಿನೋವಿಗೆಂದು ದಾಟಿಸಿದ. ನಮ್ಮ ಹೆಂಗಸರ ಕುಂಕುಮದ ತಟ್ಟೆಯಲ್ಲಿ ಬ್ಲೌಸ್ ಪೀಸು ಯಾರೂ ಹೊಲಿಸದೆ ಮನೆಯಿಂದ ಮನೆಗೆ ತಿರುಗುವುದಿಲ್ಲವೇ, ಹಾಗೆ. ಪಳನಿಯಪ್ಪನ್ ವಿಚಾರಿಸಿದಾಗಲೆಲ್ಲ, “ಕುಡೀತಾ ಇದ್ದೀನಿ ಸಾರ್, ಅದರಿಂದಲೇ ಇಷ್ಟು ಚೆನ್ನಾಗಿರೋದು” ಎನ್ನುತ್ತಿದ್ದ. ವಯಸ್ಸಾದವರೊಬ್ಬರ ಮನಸ್ಸು ತಣ್ಣಗಾಗುವುದಾದರೆ ಒಂದು ಸುಳ್ಳಿನಿಂದ ಯಾರ ಗಂಟು ಹೋಗುತ್ತದೆ ಎಂದುಕೊಂಡಿದ್ದ ಪಾಪ.

ಆ ದಿನ ತಿಂಗಳ ಚೆಕಪ್ಪು. ಯಾವಾಗಲೂ ಜೊತೆಗೆ ಬರುವ ಅಕ್ಕ ಮಧ್ಯಾಹ್ನದ ಬಸ್ಸಿಗೆ ಇಳಿಯುವವಳಿದ್ದಳು. ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಪಳನಿಯಪ್ಪನ್ ಹೊಗೆಯಾಡುವ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತರು.

“ಎನ್ನ ಸಾರ್, ಏನ್ ಸಮಾಚಾರ? ಹೊಸ ಕಷಾಯ ರೆಡಿ. ಖಾಲಿ ಬಾಟಲಿ ಕೊಡಿ, ತುಂಬಿಸಿಕೊಡ್ತೀನಿ.”

ಪುರಂದರನಿಗೆ ಕಾಫಿ ನೆತ್ತಿಗೇರಿತು. “ಬಾಟಲಿ... ತೊಳೆದು ಬಿಸಿಲಿಗೆ ಇಟ್ಟಿದ್ದೀನಿ ಸಾರ್. ಸಂಜೆ ತಂದುಕೊಡ್ತೀನಿ” ಎಂದವನೇ ಚಪ್ಪಲಿ ಮೆಟ್ಟಿ ಓಡಿದ.

ವಿಶ್ವನಾಥನ್ ತಮ್ಮ ಮನೆಯ ಜಗುಲಿಯಲ್ಲಿ ಪೇಪರು ಓದುತ್ತಾ ಕೂತಿದ್ದರು. “ಅದಾ? ಅಂಥಾ ಒಳ್ಳೆ ಔಷಧಿ ನನ್ನ ಮಂಡಿಗೆ ಯಾಕೆ ದಂಡ ಅಂತ ಪೂಂಗೊಡಿ ಟೀಚರಿಗೆ ಕೊಟ್ಟೆ” ಎಂದರು. ಅವರು ಅದನ್ನು ಮೂಸಿ ನೋಡಿ ಹೆದರಿದ್ದು ಮುಖದ ಮೇಲೇ ಇತ್ತು.

ಪೂಂಗೊಡಿ ಟೀಚರು ಏರ್ಕಾಡಿನಿಂದ ಸುಗಂಧದ ಎಣ್ಣೆ ತರಿಸಿ ಬೀದಿಗೆಲ್ಲ ಹಚ್ಚುವವರು. ಪುರಂದರ ಅವರ ಮನೆಗೆ ಹೋಗಿ ಬಾಯಿ ತೆರೆಯುವ ಮೊದಲೇ ಅವನ ಕೈ ಹಿಡಿದು ಕೂರಿಸಿದರು. “ಎಷ್ಟು ಸೊರಗಿದ್ದೀರ ಸಾರ್! ಇದು ನೀಲಗಿರಿ, ಇದು ನಿಂಬೆಹುಲ್ಲು” ಎನ್ನುತ್ತಾ ಕುತ್ತಿಗೆಗೆ ಒಂದು, ಮಣಿಕಟ್ಟಿಗೆ ಒಂದು ತಿಕ್ಕಿದರು. ಡಾಕ್ಟರು ಎಣ್ಣೆಯೂ ಬೇಡವೆಂದದ್ದು ನೆನಪಾಯಿತು. ಆದರೂ ಇನ್ನೊಂದು ಮಣಿಕಟ್ಟನ್ನೂ ಚಾಚಿದ. ಕಣ್ಣಲ್ಲಿ ನೀರು ಸುರಿಸುತ್ತಲೇ, “ಟೀಚರ್, ಆ ಹಸಿರು ಬಾಟಲಿ?” ಎಂದ.

“ಓ ಅದು! ಹೋದ ತಿಂಗಳು ನಿಮ್ಮ ಅಕ್ಕ ಬಸ್ ಸ್ಟಾಪಲ್ಲಿ ಸಿಕ್ಕರಲ್ಲ, ಅವರ ಕೈಗೇ ಕೊಟ್ಟೆ. ನಿಮ್ಮ ತಮ್ಮ ಇದರಿಂದಲೇ ಎದ್ದು ಓಡಾಡ್ತಿರೋದು, ಒಂದೇ ಕಿಡ್ನಿ ಇರೋ ನಿಮಗೂ ಒಳ್ಳೇದು ಅಂದೆ. ನೀವೇ ತಾನೇ ಪಳನಿಯಪ್ಪನ್ ಸಾರಿಗೆ ಹಂಗಂದಿದ್ದು?”

ಪುರಂದರ ದಡಕ್ಕನೆ ಎದ್ದ. ಬಾಟಲಿಯ ಚಿಂತೆ ಹಾರಿಹೋಯಿತು. ಅಕ್ಕನಿಗೆ ಫೋನು ಮಾಡಿದ. ಬಸ್ಸಿನ ಸದ್ದಿನಲ್ಲಿ ಅವಳಿಗೆ ರಿಂಗ್ ಕೇಳಿಸುವುದಾದರೂ ಹೇಗೆ? ಆಟೋ ಹಿಡಿದು ಹೊಸ ಬಸ್ ಸ್ಟ್ಯಾಂಡಿಗೆ ಬಂದು, ಬರುವ ಬಸ್ಸುಗಳಿಗೆಲ್ಲ ಇಣುಕುತ್ತಾ ನಿಂತ. ಅವನ ಮೈಯ ವಾಸನೆಗೆ ಪಕ್ಕದ ಬಾಳೆಹಣ್ಣಿನವಳು ಮೂಗಿಗೆ ಸೆರಗು ಹಿಡಿದಳು.

ಗಂಗೂಬಾಯಿ ಇಳಿಯುತ್ತಲೇ ಮಾಮೂಲಿನಂತೆ, “ನನ್ ಕಿಡ್ನಿ ಎಂಗೈತ್ಲಾ?” ಎಂದಳು. ಆಮೇಲೆ ಮೂಸಿದಳು. “ಏನ್ಲಾ ಇದು, ಏರ್ಕಾಡ್ ಬೆಟ್ಟವ ಮೈಗೆ ಬಳ್ಕಂಡು ಬಂದಿದ್ದೀಯ?”

“ಅಕ್ಕ, ಪೂಂಗೊಡಿ ಟೀಚರ್ ಒಂದು ಬಾಟಲಿ ಕೊಟ್ಟಿದ್ದರಂತೆ...”

ಅವಳ ಮುಖ ಅರಳಿತು. ಚೀಲಕ್ಕೆ ಕೈಹಾಕಿ ಬಾಟಲಿ ತೆಗೆದಳು. ಅರ್ಧ ಖಾಲಿಯಾಗಿತ್ತು. “ನೀ ಕುಡ್ದು ಚೆಂದಾಗಿದ್ದೀಯಂತಲ್ಲ, ಅದ್ಕೇ ನಾನೂ ಕುಡ್ದೆ. ಬೇವಿಗಿಂತ ಕಯ್ಯಿ. ಉಳ್ದರ್ಧ ನಿಂಗೇ. ನಂತಾವ ಇರೋದ್ರಾಗೆ ನಿಂಗೆ ಅರ್ಧ ಕೊಡ್ದೆ ಯಾವುದ ಮಡಿಕ್ಕಂಡಿವ್ನಿ? ತಕ್ಕೋ, ಕುಡಿ.”

“ಬೇಡ ಅಕ್ಕ.”

ಅಷ್ಟು ಜನರ ನಡುವೆ ಆ ಮಾತು ಅಳುವಿನಂತೆ ಹೊರಬಂತು. ಅವಳ ಕೈ ಚಾಚಿದಂತೆಯೇ ನಿಂತಿತು. “ಊರೋರು ಕೊಟ್ರೆ ಕುಡೀತೀಯ. ನಾ ಕೊಟ್ರೆ ಬ್ಯಾಡ್ವಾ?”

ಪುರಂದರ ಎಲ್ಲವನ್ನೂ ಹೇಳಿದ. ಒಂದು ತೊಟ್ಟೂ ಕುಡಿದಿಲ್ಲವೆಂದ, ಕುಡಿದೆನೆಂದು ಸುಳ್ಳು ಹೇಳಿದ್ದನ್ನೂ ಹೇಳಿದ. ಗಂಗೂಬಾಯಿ ಬಾಟಲಿಯನ್ನು ಮೆಲ್ಲಗೆ ಚೀಲಕ್ಕೆ ಇಳಿಸಿದಳು. “ಕಾಲು ಊದ್ತಿತ್ತು ಕಣ್ಲಾ. ನಡೆದದ್ದು ಜಾಸ್ತಿ ಆಯ್ತೇನೋ ಅನ್ಕಂಡೆ” ಎಂದಷ್ಟೇ ಹೇಳಿದಳು.

ಆಸ್ಪತ್ರೆಯಲ್ಲಿ ಪುರಂದರನ ಒತ್ತಾಯಕ್ಕೆ ಇಬ್ಬರ ರಕ್ತವನ್ನೂ ತೆಗೆದರು. ಕೈ ಎಷ್ಟು ತೊಳೆದರೂ ವಾಸನೆ ಹೋಗದೆ ಪುರಂದರ ಒಂದು ಮೂಲೆಯಲ್ಲಿ ಕುಳಿತಿದ್ದ. ರಿಪೋರ್ಟು ಬಂತು. ಅವನದು ಎಂದಿನಷ್ಟೇ ಚೆನ್ನಾಗಿತ್ತು. ಅಕ್ಕನ ರಕ್ತದಲ್ಲಿ ಕ್ರಿಯಾಟಿನಿನ್ ಏರಿತ್ತು.

“ಈ ಕಷಾಯ ಇವತ್ತಿಗೇ ನಿಲ್ಲಬೇಕು. ಇಳಿಯುತ್ತೆ ಅಂತ ನಂಬೋಣ, ಭರವಸೆ ಕೊಡಲಾರೆ. ಯಾರಮ್ಮ ಇದನ್ನು ಕೊಟ್ಟಿದ್ದು?” ಎಂದು ಡಾಕ್ಟರು ಬಾಟಲಿಯನ್ನು ಮೂಸಿ ಗದರಿದರು.

ಪುರಂದರ ಎದ್ದು ನಿಂತ. ಅವನಿಗಿಂತ ಮೊದಲೇ ಗಂಗೂಬಾಯಿ, “ಯಾರೂ ಕೊಟ್ಟಿಲ್ಲ ಸ್ವಾಮಿ. ನಾನೇ ಕಾಯ್ಸ್ಕಂಡೆ” ಎಂದಳು.

ಹೊರಗೆ ಬಂದು ಬಾಟಲಿಯನ್ನು ಚರಂಡಿಗೆ ಬಗ್ಗಿಸಿದಳು. ತಮ್ಮ ಬಿಕ್ಕುತ್ತಿದ್ದುದನ್ನು ಕಂಡು ಬೆನ್ನಿಗೆ ಒಂದು ಗುದ್ದು ಕೊಟ್ಟಳು. “ಅಳ್ಬೇಡ್ಲಾ. ನಾನೇನು ದಡ್ಡಿಯಾ? ಒಳ್ಳೇದ ನಿಂತಾವ ಮಡಗಿವ್ನಿ.” ಅದು ಅವನಿಗೆ ಗುದ್ದಿಗಿಂತ ನೋವಾಯಿತು.

ಸಂಜೆ ಮನೆಗೆ ಬಂದರೆ ಗೇಟಿನಲ್ಲೇ ಪಳನಿಯಪ್ಪನ್, ವಿಶ್ವನಾಥನ್, ಪೂಂಗೊಡಿ ಟೀಚರು ಕಾದಿದ್ದರು. ಪುರಂದರನ ಕೈಯಲ್ಲಿ ಖಾಲಿ ಬಾಟಲಿ ಕಂಡು ಪಳನಿಯಪ್ಪನ್ ಮುಖ ಬೆಳಗಿತು. “ಪೂರ್ತಿ ಮುಗಿಸಿದ್ದೀರ! ರಿಪೋರ್ಟು?”

“ಚೆನ್ನಾಗಿದೆ, ಆದರೆ...”

“ನೋಡಿದಿರಾ!” ಎಂದು ಅವರು ಬೀದಿಗೆ ಕೇಳುವಂತೆ ಕೂಗಿದರು.

ಪುರಂದರ ಅವರಿಗಿಂತ ಗಟ್ಟಿಯಾಗಿ ಕೂಗಿದ. “ನಾನು ಕುಡಿದೇ ಇಲ್ಲ! ಕುಡಿದದ್ದು ನಮ್ಮಕ್ಕ. ಅವಳ ಕಿಡ್ನಿ ಕೆಟ್ಟಿದೆ. ನಾನು ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು!”

ವಿಶ್ವನಾಥನ್ ಟೀಚರ ಕಡೆ ಬಾಗಿ, “ನಮಗೆಲ್ಲ ಕೊಟ್ಟರೆ ಅವರಿಗೆ ಕಮ್ಮಿ ಬೀಳುತ್ತಲ್ಲ, ಅದಕ್ಕೇ ಹಿಂಗೆ” ಎಂದರು. ಟೀಚರು, “ಪುರಂದರ ಸಾರ್ ಇಂಥವರು ಅಂತ ಗೊತ್ತಿರಲಿಲ್ಲ” ಎಂದು ಮುಖ ತಿರುಗಿಸಿದರು. ಪಳನಿಯಪ್ಪನ್ ಮಾತ್ರ ಬೇಸರಿಸಲಿಲ್ಲ. ಜೊತೆಗೆ ತಂದಿದ್ದ ಪಾತ್ರೆಯಿಂದ ಬಾಟಲಿಯನ್ನು ತುಂಬಿ, ಹೊಸ ಕೆಂಪು ದಾರ ಕಟ್ಟಿ, ಅವನನ್ನು ದಾಟಿ ಹೋಗಿ ಗಂಗೂಬಾಯಿಯ ಮುಂದೆ ಹಿಡಿದರು. “ಕಿಡ್ನಿ ಕೆಟ್ಟಿದೆಯಂತಲ್ಲಮ್ಮ. ಕವಲೆ ಪಡಾದೀಂಗ, ಚಿಂತೆ ಮಾಡಬೇಡಿ. ನಿಮ್ಮ ತಮ್ಮನನ್ನು ಉಳಿಸಿದ್ದು ಇದೇ.”