ಮಾಸ್ತರರಿಗೆ ಹಿಡಿದ ದೊಡ್ಡ ಸುಸ್ತು

ಗೊತ್ತಿಲ್ಲದ ವಿಷಯದಿಂದ ಮನುಷ್ಯನಿಗೆ ಬರುವ ತೊಂದರೆ ಕಡಿಮೆ. ಗೊತ್ತಿರುವುದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿರದೆ ನಾಲ್ಕು ಜನಕ್ಕೆ ತಿಳಿಸಿ ಹೇಳಲು ಹೊರಟಾಗಲೇ ಗ್ರಹಚಾರ ಶುರುವಾಗುತ್ತದೆ. ನನಗೆ ಚೆನ್ನಾಗಿ ಗೊತ್ತಿದ್ದದ್ದು ಒಂದೇ ವಿಷಯ. ಅದೂ ಎಂಥದ್ದು! ದಕ್ಷಿಣ ಅಮೆರಿಕದಲ್ಲಿ ಎಷ್ಟೋ ಸಾವಿರ ವರ್ಷಗಳ ಹಿಂದೆ ಬದುಕಿ, ಒಂದೂ ಉಳಿಯದೆ ಸತ್ತುಹೋದ ಆನೆ ಗಾತ್ರದ ಪ್ರಾಣಿಗಳು. ಅವು ಏನು ತಿನ್ನುತ್ತಿದ್ದವು, ಹೇಗೆ ನಡೆಯುತ್ತಿದ್ದವು, ಅಷ್ಟು ಭಾರ ಹೊತ್ತು ಹೇಗೆ ಎದ್ದು ನಿಲ್ಲುತ್ತಿದ್ದವು ಎಂಬುದೇ ನನ್ನ ಚಿಂತೆ. ಲಿಂಗಸುಗೂರಿನ ಮಿಡಲ್ ಸ್ಕೂಲಿನ ಮಾಸ್ತರನಿಗೆ ಇದರಿಂದ ಸಾರಿಗೆ ಒಗ್ಗರಣೆ ಬೀಳುವುದಿಲ್ಲ ಎಂದು ನನ್ನ ಹೆಂಡತಿ ಗೌರವ್ವ ಮದುವೆಯಾದ ವರ್ಷವೇ ಹೇಳಿದ್ದಳು. ಅವಳ ಮಾತು ಸರಿಯಾಗಿಯೇ ಇತ್ತು. ಆದರೆ ಸರಿಯಾದ ಮಾತು ಕೇಳಿ ಹುಚ್ಚು ಬಿಟ್ಟವರನ್ನು ನಾನಂತೂ ನೋಡಿಲ್ಲ.

ಹುಚ್ಚು ಹತ್ತಿದ್ದು ಹೈದರಾಬಾದಿನಲ್ಲಿ ಓದುವಾಗ. ನಮ್ಮ ಪ್ರೊಫೆಸರರ ಕೋಣೆಯ ಗೋಡೆಯ ಮೇಲೆ ಒಂದು ಚಿತ್ರ ತೂಗುಹಾಕಿತ್ತು. ಮೈತುಂಬ ಕೂದಲು, ಕುಡುಗೋಲಿನಂಥ ಉಗುರು, ಬುಡ ಅಗಲವಾದ ದೇಹ. ಹಿಂಗಾಲುಗಳ ಮೇಲೆ ಕೂತು, ಮುಂಗೈಗಳಿಂದ ಮರದ ಕೊಂಬೆಯನ್ನು ಎಳೆದುಕೊಂಡು, ಯಾವ ಅವಸರವೂ ಇಲ್ಲದೆ ಎಲೆ ಮೇಯುತ್ತಿತ್ತು. ನೋಡಿದೊಡನೆ ನನಗೆ ಯಾರೋ ಬಂಧುಗಳನ್ನು ಕಂಡಂತಾಯಿತು. ನನ್ನ ಮೈಯೂ ಸಣ್ಣದೇನಲ್ಲ. ಅಷ್ಟು ತೂಕ ಎರಡೇ ಕಾಲಿನ ಮೇಲೆ ಹೇಗೆ ನಿಂತಿತು ಎಂದು ಕೇಳಿದೆ. ಎರಡು ಕಾಲಲ್ಲ, ದಪ್ಪನೆಯ ಬಾಲವೇ ಅದರ ಮೂರನೆಯ ಕಾಲು, ಅದನ್ನು ನೆಲಕ್ಕೆ ಊರಿ ಆನಿಕೊಳ್ಳುತ್ತಿತ್ತು ಎಂದರು. ಅಂದಿನಿಂದ ನನ್ನ ಕಣ್ಣು ಕೆಟ್ಟಿತು. ಹತ್ತಿ ಹೇರಿದ ಬಂಡಿ ಕಂಡರೆ ಭಾರ ಯಾವ ಕಡೆ ಬೀಳುತ್ತದೆ ಎಂದು ನೋಡುವುದು, ಎಮ್ಮೆ ಏಳುವಾಗ ಹಿಂಗಾಲು ಮೊದಲೋ ಮುಂಗಾಲು ಮೊದಲೋ ಎಂದು ಕೊಟ್ಟಿಗೆಯಲ್ಲಿ ಕಾದು ಕೂಡುವುದು. ಒಮ್ಮೆ ಬೀಗರ ಊಟದಲ್ಲಿ ನನ್ನ ಮಾವನವರು ಎಲೆಯ ಮುಂದಿನಿಂದ ಏಳುವುದನ್ನೇ ಎವೆಯಿಕ್ಕದೆ ನೋಡುತ್ತ ಕೂತು, ಗೌರವ್ವನ ಕೈಲಿ ತೊಡೆಗೆ ಚಿವುಟಿಸಿಕೊಂಡಿದ್ದೇನೆ.

ಪೊಲೀಸ್ ಆಕ್ಷನ್ ಆಗಿ, ನಿಜಾಮರ ಕಾಲ ಮುಗಿದು, ಶಾಲೆಗಳಿಗೆ ಕನ್ನಡ ಬಂತು. ನಮ್ಮ ಭಾಷೆ ಬಂತೆಂದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನೇ. ಮರುದಿನ ಪಾಠಕ್ಕೆ ನಿಂತಾಗ ತಿಳಿಯಿತು, ನನ್ನ ತಲೆಯೊಳಗಿನ ವಿದ್ಯೆಯೆಲ್ಲ ಉರ್ದುವಿನಲ್ಲಿತ್ತು. ಕನ್ನಡದಲ್ಲಿ ನನಗೆ ಬರುತ್ತಿದ್ದದ್ದು ಚೌಕಾಸಿ ಮಾಡುವುದು, ಜಗಳಾಡುವುದು, ಊಟಕ್ಕೆ ಬಡಿಸೆಂದು ಕೂಗುವುದು. ವಿಜ್ಞಾನ ಹೇಳಲು ಬಾಯಿ ತೆರೆದರೆ ನಾಲಿಗೆ ಮೊಂಡ ಎತ್ತಿನಂತೆ ಹಳೆಯ ದಾರಿಗೇ ಎಳೆಯುತ್ತಿತ್ತು. ಅಷ್ಟರಲ್ಲಿ ಹೆಡ್‌ಮಾಸ್ತರರು ಒಂದು ಸುದ್ದಿ ತಂದರು. ಶುಕ್ರವಾರ ಇನ್‌ಸ್ಪೆಕ್ಟರ್ ಸಾಹೇಬರು ಬರುತ್ತಾರೆ, ನನ್ನಂಥ ಹಂಗಾಮಿ ಮಾಸ್ತರರೆಲ್ಲ ಅವರ ಎದುರಿಗೆ ಕನ್ನಡದಲ್ಲಿ ಒಂದೊಂದು ಪಾಠ ಮಾಡಬೇಕು, ಒಪ್ಪಿಗೆಯಾದರೆ ನೌಕರಿ ಖಾಯಂ. ಆಗದಿದ್ದರೆ ಏನೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮನೆಯಲ್ಲಿ ಗೌರವ್ವ ಆರು ತಿಂಗಳ ಬಸುರಿ. ನಿಜ ಹೇಳುತ್ತೇನೆ, ನನಗೆ ಬಹಳ ಹೆದರಿಕೆಯಾಗಿತ್ತು.

ಕಪ್ಪೆಯ ಪಾಠ ಮಾಡಿ ಪಾರಾಗಿ ಎಂದು ಹೆಡ್‌ಮಾಸ್ತರರು ಬುದ್ಧಿ ಹೇಳಿದರು. ಕೇಳಬೇಕಿತ್ತು. ಆದರೆ ಹೆದರಿದ ಮನುಷ್ಯ ತಾನು ಬಲ್ಲದ್ದರ ಬೆನ್ನು ಹತ್ತುತ್ತಾನೆ. ನಾನು ಆ ಅಮೆರಿಕದ ಪ್ರಾಣಿಯನ್ನೇ ಆರಿಸಿಕೊಂಡೆ. ಮೊದಲ ಹೆಜ್ಜೆಗೇ ಎಡವಿದೆ, ಅದಕ್ಕೆ ಕನ್ನಡದಲ್ಲಿ ಹೆಸರಿಲ್ಲ. ನಮ್ಮ ಪ್ರೊಫೆಸರರು ಅದನ್ನು ‘ಸುಸ್ತ್’ ಎನ್ನುತ್ತಿದ್ದರು. ಉರ್ದುವಿನಲ್ಲಿ ಸುಸ್ತ್ ಎಂದರೆ ಆಲಸಿ. ಕನ್ನಡದಲ್ಲಿ ‘ದೊಡ್ಡ ಸೋಮಾರಿ’ ಎನ್ನೋಣವೆಂದರೆ, ‘ಮಕ್ಕಳೇ, ಈಗ ದೊಡ್ಡ ಸೋಮಾರಿಯನ್ನು ನೋಡಿರಿ’ ಎಂದಾಗ ಇಡೀ ಕ್ಲಾಸು ಯಾರನ್ನು ನೋಡುತ್ತದೆಂದು ನನಗೆ ಗೊತ್ತಿತ್ತು. ಹೀಗಾಗಿ ಬೇರೆ ಹೆಸರು ಸಿಗುವವರೆಗೆ ಇರಲಿ ಎಂದು ಅದನ್ನು ‘ದೊಡ್ಡ ಸುಸ್ತು’ ಎಂದೇ ಕರೆಯತೊಡಗಿದೆ. ಕನ್ನಡದಲ್ಲಿ ಸುಸ್ತು ಎಂದರೆ ಬೇರೆಯೇ ಎಂಬುದು, ದೇವರಾಣೆ, ಆಗ ನನ್ನ ಲಕ್ಷ್ಯಕ್ಕೇ ಬರಲಿಲ್ಲ.

ಸಂತೆಯ ದಿನ ಮೌಲಾಸಾಬ ಸಿಕ್ಕ. ನನ್ನ ಮಾವನವರ ಊರು ಪಾಮನಕಲ್ಲೂರಿನಿಂದ ಬಂಡಿಯಲ್ಲಿ ಮೆಣಸಿನಕಾಯಿ ತರುವವನು. ಹೇಗಿದ್ದೀರಿ ಎಂದು ಕೇಳಿದ. ನಾನು ಮನಸ್ಸು ಬಿಚ್ಚಿದೆ.

“ಏನ್ ಹೇಳ್ಲಿ ಮೌಲಾಸಾಬ, ದೊಡ್ಡ ಸುಸ್ತು ತಲ್ಯಾಗ ಕುಂತುಬಿಟ್ಟೈತಿ. ಹಗಲು ರಾತ್ರಿ ಅದರದ್ದೇ ಚಿಂತಿ. ಶುಕ್ರವಾರ ಸಾಹೇಬ್ರು ಬಂದು ನೋಡ್ತಾರ. ಅವತ್ತು ಪಾರಾದ್ರ ಪಾರಾದಂಗ, ಇಲ್ಲಾಂದ್ರ ನನ್ನ ಕತಿ ಮುಗೀತು.”

ಮೌಲಾಸಾಬನಿಗೆ ಮನೆಯಲ್ಲಿ ಉರ್ದು ಮಾತಾಡಿ ರೂಢಿ. ಆದರೆ ನಾನು ಕನ್ನಡದಲ್ಲಿ ಹೇಳಿದ್ದನ್ನು ಪಾಪ ಅವನು ಕನ್ನಡದಲ್ಲೇ ಕೇಳಿಸಿಕೊಂಡ. ಅಲ್ಲಾ ಎಲ್ಲಾ ಸರಿ ಮಾಡುತ್ತಾನೆಂದು ನನ್ನ ಕೈ ಹಿಡಿದು, ಅರ್ಧ ಸಂತೆಗೇ ಬಂಡಿ ಕಟ್ಟಿದ. ಎಂಥ ಮೆತ್ತನೆಯ ಮನುಷ್ಯ, ನನ್ನ ನೌಕರಿಯ ಬಗ್ಗೆ ಎಷ್ಟು ಕಾಳಜಿ ಎಂದುಕೊಂಡೆ.

ಗುರುವಾರ ಸಂಜೆ ನನಗೊಂದು ಸಂದೇಹ ಹುಟ್ಟಿತು. ಬಾಲ ನಿಜವಾಗಿಯೂ ಭಾರ ಹೊರುತ್ತದೆಯೇ? ಪುಸ್ತಕದಲ್ಲಿ ಓದಿದ್ದನ್ನು ಹೇಳಿ, ಸಾಹೇಬರು ಅಡ್ಡ ಪ್ರಶ್ನೆ ಹಾಕಿದರೆ? ಗೌರವ್ವ ನೀರಿಗೆ ಹೋದ ಸಮಯ ನೋಡಿ ಹಿತ್ತಲಿಗೆ ಹೋದೆ. ಒನಕೆಯನ್ನು ಹಿಂದಕ್ಕೆ ಓರೆಯಾಗಿ ಊರಿ, ಅದರ ತುದಿಯನ್ನು ಧೋತರದಿಂದ ಸೊಂಟಕ್ಕೆ ಬಿಗಿದುಕೊಂಡೆ. ಬೇವಿನ ಮರದ ಕೆಳಗೆ ಮಂಡಿ ಬಗ್ಗಿಸಿ, ಮೈಯನ್ನು ಒನಕೆಗೆ ಆನಿಸಿ, ಎರಡೂ ಕೈಯೆತ್ತಿ ಕೊಂಬೆ ಹಿಡಿದೆ. ಏನು ಹೇಳಲಿ! ಮಂಡಿಗಳ ಮೇಲಿನ ಭಾರ ಹೂವಿನಷ್ಟು ಹಗುರಾಯಿತು. ಇದೇ ಸತ್ಯ, ಇದೇ ಸತ್ಯ ಎಂದು ಕೂಗಿ, ಸಂತೋಷ ತಡೆಯಲಾರದೆ ಒಂದು ಬೇವಿನ ಎಲೆಯನ್ನು ಬಾಯಿಗೂ ಹಾಕಿಕೊಂಡೆ. ತಿರುಗಿ ನೋಡಿದರೆ ಹಿತ್ತಲ ಬಾಗಿಲಲ್ಲಿ ಮಾವನವರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ವಿಭೂತಿಯ ಗಟ್ಟಿ. ಮಸ್ಕಿಯವರೆಗೆ ಬಂಡಿಯಲ್ಲಿ, ಅಲ್ಲಿಂದ ಸಿಂಧನೂರಿನ ಮೋಟಾರು ಹಿಡಿದು ಓಡಿ ಬಂದಿದ್ದರು. ಅವರ ಹಿಂದೆ ಕೊಡ ಹೊತ್ತ ಗೌರವ್ವ.

ಮಾವನವರು ನನ್ನನ್ನು ಬಿಟ್ಟು ಮಗಳಿಗೆ ಹೇಳಿದರು: “ಸುಸ್ತು ಅಂತಷ್ಟ ಹೇಳಿದ್ನವ್ವ ಮೌಲಾಸಾಬ. ತಲಿಗೆ ಏರೈತಿ ಅಂತ ಯಾರೂ ಹೇಳ್ಲಿಲ್ಲ.”

ನಾನು ಒನಕೆ ಬಿಚ್ಚಿಕೊಳ್ಳುತ್ತ ವಿವರಿಸತೊಡಗಿದೆ. ಸುಸ್ತು ನನಗಲ್ಲ, ಅದೊಂದು ಪ್ರಾಣಿ ಎಂದೆ. ಎಲ್ಲಿದೆ ಪ್ರಾಣಿ ಎಂದರು. ಸತ್ತು ಸಾವಿರಾರು ವರ್ಷವಾಯಿತು ಎಂದೆ. ಹಾಗಾದರೆ ನಿಮಗೆ ಹೇಗೆ ಕಾಣುತ್ತದೆ ಎಂದರು. ಕಣ್ಣು ಮುಚ್ಚಿದರೆ ಎದುರಿಗೇ ಬಂದು ನಿಲ್ಲುತ್ತದೆ ಎಂದೆ. ಅಷ್ಟು ಸಾಕಾಯಿತು. ನನ್ನ ಹಣೆಗೆ ಅಡ್ಡಡ್ಡ ವಿಭೂತಿ ಬಳಿದು, ಬೆಳಿಗ್ಗೆ ಮೊದಲ ಮೋಟಾರಿಗೆ ಅಳಿಯನನ್ನೂ ಮಗಳನ್ನೂ ಊರಿಗೆ ಕರೆದೊಯ್ಯುವುದೆಂದು ತೀರ್ಮಾನಿಸಿದರು. ಆಗ ಗೌರವ್ವ ಕೊಡ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: “ಅಪ್ಪಾ, ನಾಳಿ ಒಂದಿನ ಬಿಡು. ಇದು ಇವರ ಮಾಮೂಲಿ ಹುಚ್ಚು. ನೌಕರಿ ಹೋತಂದ್ರ ಖರೇ ಹುಚ್ಚು ಹಿಡಿತೈತಿ.” ಹೆಂಡತಿ ನನ್ನ ಪರವಾಗಿ ಆಡಿದ ಇಷ್ಟು ಚಂದದ ಮಾತು ಮತ್ತೊಂದಿಲ್ಲ. ಕಡೆಗೆ ತಾವೂ ಶಾಲೆಗೆ ಬಂದು ಬಾಗಿಲಲ್ಲಿ ಕೂಡುವುದಾಗಿ ಮಾವನವರು ಒಪ್ಪಿದರು.

ಶುಕ್ರವಾರ ಇನ್‌ಸ್ಪೆಕ್ಟರ್ ಸಾಹೇಬರು ಬಂದು ಕುರ್ಚಿಯ ತುಂಬ ಕೂತರು. ಹೊರಗಿನ ಕಟ್ಟೆಯ ಮೇಲೆ ಮಾವನವರು. ನಾನು ಹಲಗೆಯ ಮೇಲೆ ಪ್ರಾಣಿಯನ್ನು ಬರೆದು, “ಇದು ದೊಡ್ಡ ಸುಸ್ತು” ಎಂದೆ. ಅದಕ್ಕೆ ಅಷ್ಟೊಂದು ಸುಸ್ತು ಯಾಕಾಗಿತ್ತು ಎಂದು ಹುಡುಗರು ಕೇಳಿದಾಗಲೇ ನನ್ನ ತಪ್ಪು ನನಗೆ ಪೂರ್ತಿ ಹೊಳೆದದ್ದು. ಕಲಿತು ತಂದ ದೊಡ್ಡ ದೊಡ್ಡ ಮಾತುಗಳೆಲ್ಲ ಹಾರಿಹೋದವು. ಇನ್ನು ಹೋದರೆ ಹೋಗಲಿ ಎಂದು, ನಕಾಶೆ ತೂಗುಹಾಕುವ ಕೋಲನ್ನು ಹಿಂದೆ ಊರಿ, ಅದರ ಮೇಲೆ ಆನಿಕೊಂಡು, ಮಂಡಿ ಬಗ್ಗಿಸಿ ನಿಂತೆ. ನಮ್ಮ ಹಿತ್ತಲ ಮಾತಿನಲ್ಲೇ ಹೇಳುತ್ತ ಹೋದೆ. ಭಾರ ಹೇಗೆ ಹಿಂದಕ್ಕೆ ಬೀಳುತ್ತದೆ, ಬಾಲ ಹೇಗೆ ತಡೆಯುತ್ತದೆ, ಉಗುರು ಮಡಿಚಿಕೊಂಡು ಅಂಗಾಲಿನ ಅಂಚಿನ ಮೇಲೆ ಹೇಗೆ ನಡೆಯುತ್ತಿತ್ತು, ನಮ್ಮೂರಿಗೆ ಬಂದರೆ ನಮ್ಮ ಬೇವಿನ ಮರಗಳ ಗತಿ ಏನು. ಹುಡುಗರು ಬಿದ್ದು ಬಿದ್ದು ನಕ್ಕರು. ಸಾಹೇಬರು ನಗಲಿಲ್ಲ. ಇಷ್ಟು ಗಟ್ಟಿ ಪ್ರಾಣಿ ಯಾಕೆ ಉಳಿಯಲಿಲ್ಲ ಎಂದು ಕೇಳಿದರು.

“ಖಾತ್ರಿ ಯಾರಿಗೂ ಗೊತ್ತಿಲ್ರಿ ಸಾಹೇಬ್ರ. ಬೇಟೆಗಾರರು ಬಂದ್ರು ಅಂತಾರ. ಹವಾ ಬದಲಾತು, ತಿನ್ನೋ ಗಿಡ ಬದಲಾದ್ವು, ಇದಕ್ಕ ಲಗೂನ ಬದಲಾಗಾಕ ಬರ್ಲಿಲ್ಲ ಅಂತಾರ.”

ಯಾರ ಸುದ್ದಿ ಹೇಳುತ್ತಿದ್ದೇನೆಂದು ಆಗ ಗೊತ್ತಾಯಿತು. ಸಾಹೇಬರು ಸುಸ್ತ್‌ಗೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದರು. ಗೊತ್ತಿಲ್ಲವೆಂದೆ.

“ನನಗೂ ಗೊತ್ತಿಲ್ರಿ ಮಾಸ್ತರ. ನಾನೂ ಉರ್ದುವಿನಾಗ ಓದಿದಾಂವ. ಮುಂಜಾನಿಂದ ಎಲ್ಲಾರೂ ಬಾಯಿಪಾಠ ಒಪ್ಪಿಸಿದ್ರು, ಒಂದೂ ತಿಳೀಲಿಲ್ಲ. ನಿಮ್ಮದು ತಿಳೀತು.” ಹೋಗುವಾಗ ಬಾಗಿಲಲ್ಲಿ ನಿಂತು ಹೆಡ್‌ಮಾಸ್ತರರಿಗೆ, ಇವರದು ಖಾಯಂ ಎಂದು ಬರೆದುಕೊಳ್ಳಿ ಎಂದರು.

ಎಷ್ಟೋ ದಿನಗಳಿಂದ ಎದೆಯ ಮೇಲೆ ಕೂತಿದ್ದ ಬಂಡೆಯನ್ನು ಯಾರೋ ಎತ್ತಿ ಆಚೆ ಇಟ್ಟಂತಾಯಿತು. ನನಗೆ ಅಳು ಬಂತು, ನಗುವೂ ಬಂತು. ಮನೆಗೆ ಹೋಗಿ ಗೌರವ್ವನಿಗೆ ಹೇಳಿದಾಗ ಅವಳು ದೇವರ ಜಗಲಿಯ ಮುಂದೆ ಬಹಳ ಹೊತ್ತು ಕೂತಿದ್ದಳು. ಮಾವನವರು ಮಾತ್ರ ನನ್ನ ತಲೆ ಸವರಿ, ಸಂಜೆಯ ಮೋಟಾರಿಗೆ ಹೊರಟುಹೋದರು.

ಮುಂದಿನ ಸಂತೆಗೆ ಮೌಲಾಸಾಬ ಮನೆಯವರೆಗೂ ಬಂದ. ನಾನು ಪಡಸಾಲೆಯಲ್ಲಿ ಮಲಗಿದ್ದೆ. ಕಾಲ ಬಳಿ ಕೂತು, ಸಣ್ಣ ದನಿಯಲ್ಲಿ ಸಮಾಧಾನ ಹೇಳಿದ: “ನಮ್ಮೂರಾಗ ಎಲ್ಲಾರಿಗೂ ಗೊತ್ತಾಗೈತ್ರಿ. ಮನಸ್ಸಿಗೆ ಹಚ್ಕೋಬ್ಯಾಡ್ರಿ. ದೊಡ್ಡ ಸಾಹೇಬ್ರು ಬಂದು ಖುದ್ದ ನೋಡಿ, ಮಾಸ್ತರ ಸುಸ್ತು ಇನ್ನ ಖಾಯಂ ಅಂದ್ರಂತಲ್ರಿ.”

ಎದ್ದು ಕೂತು, ಇದ್ದದ್ದನ್ನು ಮೊದಲಿನಿಂದ ತಿಳಿಸಿ ಹೇಳಬೇಕೆಂದುಕೊಂಡೆ. ಆದರೆ ಆಗಷ್ಟೇ ಊಟವಾಗಿತ್ತು. ಮಲಗಿದಲ್ಲಿಂದಲೇ ಹೂಂ ಎಂದು ಮಗ್ಗುಲು ಬದಲಿಸಿದೆ.