ನಮ್ಮ ಶಾಲೆಯ ಬೀರುವಿಗೆ, ಹನ್ನೆರಡನೇ ಪುಟವನ್ನು ಬೇಡಿ

ಮಾನ್ಯ ಬೀರು ಮಹಾಶಯರೇ,

ಯಗಟಿ ಬಸ್ಸಿನ ದಾರಿಯಲ್ಲಿರುವ ನಮ್ಮೂರ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ಟರ ಕೊಠಡಿಯಲ್ಲಿ, ಕಾಲ ಕೆಳಗೆ ನಾಲ್ಕು ಇಟ್ಟಿಗೆ ಇಟ್ಟುಕೊಂಡು ವಿರಾಜಮಾನರಾಗಿರುವ ತಮಗೆ, ಶನಿವಾರ ಬೆಳಗ್ಗೆ ಮಕ್ಕಳಿಗೆ ಕಥೆ ಹೇಳಲು ಬರುವ ಮುದುಕ ಪಂಚಾಕ್ಷರಪ್ಪನ ಸವಿನಯ ನಮಸ್ಕಾರಗಳು. ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು... ಮುಂದೆ ಏನೋ ಒಂದಿತ್ತು, ಕಡೂರಿನಲ್ಲಿ ಪಿಯುಸಿ ಓದುವಾಗ ಬಾಯಿಗೆ ಬರುತ್ತಿತ್ತು, ತಾವೇ ತುಂಬಿಕೊಳ್ಳಬೇಕು.

ಕಳೆದ ವರ್ಷ ತಮ್ಮ ಹೊಟ್ಟೆಗೆ ಅರವತ್ತು ಹೊಸ ಪುಸ್ತಕಗಳು ಸೇರಿದವು. ಕಟ್ಟು ಬಿಚ್ಚಿದ ದಿನ ಕೆಲವನ್ನು ತಿರುವಿ ನೋಡಿದೆ, ಅಂಥವನ್ನು ನಾನು ಕಂಡೇ ಇರಲಿಲ್ಲ. ಒಂದರಲ್ಲಿ ಕುರಿ ಕಾಯುವ ಹುಡುಗಿ ನಕ್ಷತ್ರಗಳಿಗೆ ಹೆಸರಿಡುತ್ತಾಳೆ, ಒಂದರಲ್ಲಿ ಗಾಲಿಕುರ್ಚಿಯ ಹುಡುಗ ಅಂಪೈರು, ಇನ್ನೊಂದರಲ್ಲಿ ಅಮ್ಮ ಬಸ್ಸು ಓಡಿಸಿ ಬರುವಷ್ಟರಲ್ಲಿ ಅಪ್ಪ ಮುದ್ದೆ ಕಟ್ಟಿರುತ್ತಾನೆ. ಇದಕ್ಕೆ ಇಂಗ್ಲಿಷಿನಲ್ಲಿ ಇನ್‌ಕ್ಲೂಸಿವ್ ಎನ್ನುತ್ತಾರೆ, ಎಲ್ಲರನ್ನೂ ಒಳಗೆ ಸೇರಿಸಿಕೊಳ್ಳುವುದು ಎಂದು ವಿದ್ಯಾಶ್ರೀ ಟೀಚರ್ ವಿವರಿಸಿದರು. ತಾವಂತೂ ತಪ್ಪದೆ ಪಾಲಿಸಿದಿರಿ: ಎಲ್ಲರನ್ನೂ ಒಳಗೆ ಸೇರಿಸಿಕೊಂಡು ಬೀಗ ಹಾಕಿಕೊಂಡಿರಿ.

ಹೆಡ್‌ಮಾಸ್ಟರ್ ಉಗ್ರಪ್ಪನವರನ್ನು ದೂರಲಾರೆ. ಹಿಂದಿನ ಶಾಲೆಯಲ್ಲಿ ಒಂದೇ ಒಂದು ಪುಸ್ತಕ ಸಿಗಲಿಲ್ಲವೆಂದು ಚಾರ್ಜ್ ವಹಿಸಿಕೊಡಲಾಗದೆ ಅವರ ವರ್ಗಾವಣೆ ಎರಡು ತಿಂಗಳು ನಿಂತಿತ್ತಂತೆ. ಕೀಲಿ ಕೇಳಿದರೆ, "ಹರಿದ್ರೆ ಯಾರ್ರೀ ಉತ್ತರ ಹೇಳೋದು? ನೀವು ಓದಿ ಎದ್ದು ಹೋಗ್ತೀರಿ, ರಿಜಿಸ್ಟರ್ ಮುಂದೆ ನಿಲ್ಲೋನು ನಾನು ಕಣ್ರೀ" ಎನ್ನುತ್ತಾರೆ. ಹೀಗಾಗಿ ಆಯುಧಪೂಜೆಗೆ ತಮಗೆ ಚೆಂಡುಹೂವಿನ ಹಾರ ಬಿದ್ದರೂ, ಬಾಗಿಲು ತೆರೆದದ್ದು ಇನ್‌ಸ್ಪೆಕ್ಷನ್ ದಿನ ಮಾತ್ರ, ಇಪ್ಪತ್ತು ನಿಮಿಷ, ಫೋಟೋಗೆ.

ಆ ಇಪ್ಪತ್ತು ನಿಮಿಷದಲ್ಲಿ ಮುನೀರ್ ಪಾಷಾರ ಮೊಮ್ಮಗಳು, ಐದನೇ ಕ್ಲಾಸಿನ ಸೂಫಿಯಾಳ ಕೈಗೆ, ಅವಳ ಹಾಗೆಯೇ ಕಿವಿಗೆ ಮಿಷನ್ ಹಾಕುವ ಹುಡುಗಿಯೊಬ್ಬಳ ಕಥೆ ಬಂತು. ಸದಾ ವೇಲಿನೊಳಗೆ ಮಿಷನ್ ಮುಚ್ಚಿಕೊಳ್ಳುವ ಮಗು, ಅಂದು ವೇಲು ಸರಿಸಿ ಚಿತ್ರವನ್ನೊಮ್ಮೆ ತನ್ನ ಕಿವಿಯನ್ನೊಮ್ಮೆ ಮುಟ್ಟಿ ಮುಟ್ಟಿ ನೋಡಿತು. ಹನ್ನೊಂದನೇ ಪುಟದಲ್ಲಿ, ಕೆರೆ ಏರಿಯ ಮೇಲೆ ಲಗೋರಿ ಆಡುತ್ತಿದ್ದ ಹುಡುಗಿಯ ಮಿಷನ್ ನೀರಿಗೆ ಬೀಳುವುದಕ್ಕೂ ಫೋಟೋ ಮುಗಿಯುವುದಕ್ಕೂ ಸರಿಹೋಯಿತು. ಅಂದಿನಿಂದ ಶನಿವಾರ ಬಂದರೆ ಅವಳದು ಒಂದೇ ಪ್ರಶ್ನೆ: "ತಾತಾ, ಆ ಮಿಷನ್ ಸಿಕ್ತಾ? ಅವ್ಳನ್ನ ಮತ್ತೆ ಆಟಕ್ಕೆ ಸೇರಿಸ್ಕೊಂಡ್ರಾ?" ಬೇಸಿಗೆ ರಜೆ ಕಳೆದರೆ ಕಡೂರಿನ ದೊಡ್ಡ ಶಾಲೆಗೆ ಹೋಗುವವಳು, ಅಲ್ಲಿ ವೇಲು ಸರಿಸುವುದೋ ಬೇಡವೋ ಎಂಬುದನ್ನು ಹನ್ನೆರಡನೇ ಪುಟ ನೋಡಿಯೇ ತೀರ್ಮಾನಿಸುವವಳಂತೆ ಕಾಯುತ್ತಿದ್ದಾಳೆ.

ತೀರಿಕೊಂಡ ನನ್ನ ಮನೆಯಾಕೆ ಜಯಲಕ್ಷ್ಮಮ್ಮನೂ ತಮ್ಮ ಪಂಗಡದವಳೇ. "ಒಳ್ಳೇ ಕಾರ್ಯಕ್ಕೆ ಉಡ್ತೀನಿ, ಸುಮ್ನಿರಿ" ಎನ್ನುತ್ತಲೇ ಒಂದು ರೇಷ್ಮೆ ಸೀರೆಯನ್ನು ಹದಿನೆಂಟು ವರ್ಷ ಪೆಟ್ಟಿಗೆಯಲ್ಲಿಟ್ಟಳು. ಅವಳು ಹೋದ ಮೇಲೆ ಬಿಡಿಸಿ ನೋಡಿದರೆ ಮಡಿಕೆ ಮಡಿಕೆಯಲ್ಲೂ ಸೀಳು. ಇದು ವಿಷಯಾಂತರ, ಪಾರ್ಡನ್ ಮೈ ಡೈಗ್ರೆ... ಉದ್ದನೆಯ ಪದ, ಬಿಡಿ.

ಆದ್ದರಿಂದ ಗೆದ್ದಲಿಗಿಂತ ಮೊದಲು ಮಕ್ಕಳಿಗೆ ಒಳಗೆ ಅವಕಾಶ ಕೊಡಬೇಕಾಗಿ ಪ್ರಾರ್ಥನೆ. ಅದಾಗದಿದ್ದರೆ ತಾವೇ ಇಟ್ಟಿಗೆಯಿಂದಿಳಿದು ಐದನೇ ಕ್ಲಾಸಿನವರೆಗೆ ದಯಮಾಡಿಸಬೇಕು. ಮಂಡಿನೋವಿನಿಂದ ಅದೂ ಕಷ್ಟವೆಂದರೆ, ಹನ್ನೆರಡನೇ ಪುಟವನ್ನಷ್ಟೇ ಬಾಗಿಲ ಸಂದಿಯಿಂದ, ಸೂಫಿಯಾಗೆ ಕೇಳುವಷ್ಟು ಗಟ್ಟಿಯಾಗಿ ಓದಬೇಕು. ಹರಿದ ಪುಟಗಳಿಗೆಲ್ಲ ನನ್ನ ಹೆಸರು ಬರೆದುಕೊಳ್ಳಲು ಉಗ್ರಪ್ಪನವರಿಗೆ ಈ ಮೂಲಕ ಒಪ್ಪಿಗೆ ಕೊಟ್ಟಿದ್ದೇನೆ.

ತಮ್ಮ ಹಿಡಿಕೆಯ ಮೇಲೆ ಕಣ್ಣಿಟ್ಟಿರುವ, ತಮ್ಮ ವಿಶ್ವಾಸಿ,
ಪಂಚಾಕ್ಷರಪ್ಪ

ಮರೆತ ಮಾತು: ತಮ್ಮ ಉತ್ತರಕ್ಕೆ ಕಾಯಲಾರದೆ ಸೂಫಿಯಾ ಮುಂದಿನ ಪುಟಗಳನ್ನು ತಾನೇ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆದು ಚಿತ್ರ ಹಾಕಿದ್ದಾಳೆ. ಅದರಲ್ಲಿ ಮಿಷನ್ ಸಿಗುವುದೇ ಇಲ್ಲ. ಗೆಳತಿಯರೆಲ್ಲ ಕೈಸನ್ನೆ ಕಲಿತು ಆ ಹುಡುಗಿಯ ಜೊತೆ ಲಗೋರಿ ಆಡುತ್ತಾರೆ. ಮೂಲದಲ್ಲೂ ಹಾಗೇ ಇದೆಯೋ ಏನೋ, ತಮಗೊಬ್ಬರಿಗೇ ಗೊತ್ತು. ಸೂಫಿಯಾಳ ಪುಸ್ತಕದ ರಟ್ಟು ಕಿತ್ತುಬಂದಿದೆ, ಎರಡು ಹಾಳೆ ಹರಿದಿವೆ, ಒಂದರ ಮೇಲೆ ಸಾರು ಚೆಲ್ಲಿದೆ. ಯಾವ ರಿಜಿಸ್ಟರಿನಲ್ಲೂ ಅದರ ಹೆಸರಿಲ್ಲದ ಕಾರಣ ಇಡೀ ಶಾಲೆ ಅದನ್ನು ಓದಿ ಮುಗಿಸಿದೆ.